ದೂರದರ್ಶಕವೂ ‘ಐನೂರು ಪಟ್ಟಿ’ನ ಮರುಳೂ

ಅಂಗಡಿಯ ಗಾಜಿನ ಬೀರುವಿನಲ್ಲಿ ಪುಟ್ಟ ದೂರದರ್ಶಕವನ್ನು ಕಂಡ ಮಕ್ಕಳು ಅದು ಬೇಕೇ ಬೇಕೆಂದು ಹಟ ಹಿಡಿಯುವುದುಂಟು. ಪೆಟ್ಟಿಗೆಯ ಮೇಲೆ ‘ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ತಂದೆ ಹಣ ತೆರುತ್ತಾರೆ. ಮಾಳಿಗೆಯ ಮೇಲೆ ನಿಲ್ಲಿಸಿ ಶನಿಯತ್ತ ತಿರುಗಿಸಿದರೆ ಬಳೆಯ ಬದಲು ನಡುಗುವ ಮಸುಕೊಂದು ಕಾಣುತ್ತದೆ. ಹಣದೊಡನೆ ಮಗುವಿನ ಉತ್ಸಾಹವೂ ಹೋಗುತ್ತದೆ. ಇದಕ್ಕೆಲ್ಲ ಮೂಲ ಕೆಲವು ತಪ್ಪು ತಿಳಿವಳಿಕೆಗಳು.

ಮುಂದಿನ ದೊಡ್ಡ ಮಸೂರವೇ ಚಂದ್ರನನ್ನು ಹಿಗ್ಗಿಸುತ್ತದೆಂಬುದು ಮೊದಲನೆಯದು. ವಾಸ್ತವವಾಗಿ ಅದು ಕೊಳವೆಯೊಳಗೆ ಕಿರುಬಿಂಬವೊಂದನ್ನು ಮೂಡಿಸುತ್ತದೆ. ಮಸೂರದಿಂದ ಬಿಂಬಕ್ಕಿರುವ ಅಂತರ, ಎಂದರೆ ನಾಭಿದೂರ, 700 ಮಿಲಿಮೀಟರ್ ಆಗಿದ್ದರೆ 3,474 ಕಿಲೋಮೀಟರ್ ವ್ಯಾಸದ ಚಂದ್ರ ಅಲ್ಲಿ ಬಟಾಣಿ ಕಾಳಿನಷ್ಟಾಗುತ್ತಾನೆ! ಆ ಕಾಳನ್ನು ತೀರ ಸಮೀಪದಿಂದ ನೋಡಲು ನೆರವಾಗುವುದು ಕಣ್ಣಿನ ಬಳಿಯ ಪುಟ್ಟ ಮಸೂರ. ಅದರ ನಾಭಿದೂರ 20 ಮಿಲಿಮೀಟರ್ ಆದರೆ, 700ನ್ನು 20ರಿಂದ ಭಾಗಿಸಿದಾಗ ದೊರೆಯುವ 35 ಪಟ್ಟು ದೊಡ್ಡದಾಗಿ ಚಂದ್ರ ಕಾಣುತ್ತಾನೆ. 10 ಆದರೆ 70 ಪಟ್ಟು.

ಹಾಗಾದರೆ ಪುಟ್ಟ ಮಸೂರವನ್ನು ಇನ್ನೂ ಕಿರಿದಾಗಿಸಿ ಐನೂರು ಪಟ್ಟು ಪಡೆಯಬಾರದೇಕೆ? ಪಡೆಯಬಹುದು, ಪ್ರಯೋಜನವಿಲ್ಲ. ಒಂದು ಸೇರು ಹಾಲಿಗೆ ಹತ್ತು ಸೇರು ನೀರು ಬೆರೆಸಿದರೆ ಅಳತೆ ಹೆಚ್ಚೀತೇ ಹೊರತು ಹಾಲು ಹೆಚ್ಚದು. ಮುಂದಿನ ಮಸೂರ ಹಿಡಿದು ತಂದ ಬೆಳಕು ಇದ್ದಷ್ಟೇ. ಅದು ತೋರಬಲ್ಲ ಸೂಕ್ಷ್ಮ ವಿವರಗಳಿಗೂ ಅದರ ಅಗಲವೇ ಮಿತಿ. ಅಗಲದ ಮಿಲಿಮೀಟರ್‌ಗಳ ಎರಡರಷ್ಟು ಪಟ್ಟು ಹಿಗ್ಗಿಸಬಹುದೆಂಬುದು ಸ್ಥೂಲವಾದ ಲೆಕ್ಕ. 60 ಮಿಲಿಮೀಟರ್ ಮಸೂರಕ್ಕೆ 120 ಪಟ್ಟು ದಾಟಿದರೆ ಉಳಿಯುವುದು ಮಸುಕೇ.

ಆದ್ದರಿಂದ ದೂರದರ್ಶಕದ ಹಿರಿಮೆ ಅದರ ಅಗಲದಲ್ಲಿದೆ. ಕತ್ತಲೆಯಲ್ಲಿ ಅರಳಿದ ಕಣ್ಣಿನ ಪಾಪೆಯ ಅಗಲ ಸುಮಾರು 7 ಮಿಲಿಮೀಟರ್. 70 ಮಿಲಿಮೀಟರ್ ಮಸೂರ ಅದರ ನೂರರಷ್ಟು ಬೆಳಕನ್ನು ಸಂಗ್ರಹಿಸುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪು ದೂರದರ್ಶಕದ ದರ್ಪಣ 2.34 ಮೀಟರ್ ಅಗಲವಾಗಿರುವುದೂ ಬೆಳಕಿನ ಈ ಹಂಬಲದಿಂದಲೇ. ನಕ್ಷತ್ರಗಳಾದರೋ ಎಷ್ಟು ಹಿಗ್ಗಿಸಿದರೂ ಸಾಮಾನ್ಯವಾಗಿ ಚುಕ್ಕೆಗಳಾಗಿಯೇ ಉಳಿಯುತ್ತವೆ; ಅಷ್ಟು ದೂರದಲ್ಲಿವೆ ಅವು. ಆದರೆ ಬರಿಗಣ್ಣಿಗೆ ಕಾಣದ ಸಾವಿರಾರು ನಕ್ಷತ್ರಗಳು ಗೋಚರಿಸುತ್ತವೆ.

ಗೆಲಿಲಿಯೊ 1610ರ ಜನವರಿಯಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡದ್ದು ಕೇವಲ ಇಪ್ಪತ್ತು ಪಟ್ಟಿನ ಉಪಕರಣದಿಂದ. ಕೊಳ್ಳುವವರು ಮಸೂರದ ಅಗಲವೆಷ್ಟು, ಮುಕ್ಕಾಲಿ ಅಲುಗದೆ ನಿಲ್ಲುವುದೇ ಎಂದು ಮೊದಲು ವಿಚಾರಿಸಲಿ. ಒಳ್ಳೆಯ 60 ಮಿಲಿಮೀಟರ್ ಮಸೂರವಿದ್ದರೆ ಐವತ್ತು ಪಟ್ಟಿನಲ್ಲಿಯೇ ಶನಿಯ ಬಳೆ ಕಣ್ಣಿಗೆ ಹಬ್ಬವಾದೀತು. ಸೂರ್ಯನತ್ತ ಮಾತ್ರ ಅದನ್ನು ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ದೃಷ್ಟಿಯೇ ಹೋದೀತು.