ಮೇವು ಕತ್ತರಿಸುವ ಚಕ್ರದ ಕಥೆ

ಭೈರವಾನಿತಿಪ್ಪೆ ಜಲಾಶಯಕ್ಕೆ ನೀರು ಬಾರದ ವರ್ಷ ನಮ್ಮ ಗುಮ್ಮಘಟ್ಟದ ಕಡೆ ಮೊದಲು ಹುಟ್ಟುವ ಚಿಂತೆ ದನಗಳ ಮೇವಿನದು. ಜೋಳದ ಸೊಪ್ಪೆಯನ್ನು ಇಡಿಯಾಗಿ ಹಾಕಿದರೆ ದನ ಗರಿಯನ್ನು ತಿಂದು ದಂಟನ್ನು ತುಳಿದುಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ಆದುದರಿಂದ ಮೇವು ಕತ್ತರಿಸುವ ಕೈಚಕ್ರದ ವಿಚಾರವನ್ನು ರೈತಬಾಂಧವರು ತಿಳಿದಿರತಕ್ಕದ್ದು.

1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಸೀಮೆಯ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿಯಂತ್ರವನ್ನು ನೋಡಿ, ಉದ್ಯಾನದ ಹುಲ್ಲನ್ನು ಸವರುವ ಯಂತ್ರವನ್ನು ಮಾಡಿದನು. ಕಂಬಳಿ ಬಲ್ಲ ನಮ್ಮವರಿಗೆ ಇದು ರುಚಿಸೀತು! ಆದರೆ ನಮಗೆ ಬೇಕಾದುದು ಅಂದದ ಹುಲ್ಲಲ್ಲ, ಮೇವು. ಮೇವಿನ ಯಂತ್ರವನ್ನು ಕನ್ನಡ ನೆಲದಲ್ಲಿ ತಯಾರಿಸಿದವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಹೆಸರಾದವರು. 1869ರಲ್ಲಿ ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಮುಂಬಯಿಯ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಸೈಕಲ್ ಅಂಗಡಿಯ ಜೊತೆಗೆ ಚಿಕ್ಕ ಕಾರ್ಖಾನೆಯನ್ನಿಟ್ಟು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿದರು. ಕಬ್ಬಿಣದಿಂದ ನೆಲಕ್ಕೆ ವಿಷವೇರುವುದೆಂದು ರೈತರು ಹೆದರಿ, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಕಾರ್ಖಾನೆಯು ಔಂಧ್ ಸಂಸ್ಥಾನಕ್ಕೆ ಹೋಯಿತು. ಆ ಊರೇ ಕಿರ್ಲೋಸ್ಕರವಾಡಿ.

ಇಂದು ಹಳ್ಳಿಗಳಲ್ಲಿ ಕಾಣುವ ಕೈಯಂತ್ರದ ರಚನೆ ಹೀಗಿದೆ. ಭಾರದ ಚಕ್ರಕ್ಕೆ ಎರಡು ಬಾಗಿದ ಅಲಗುಗಳುಂಟು. ಚಕ್ರ ತಿರುಗಿದಂತೆ ಹಲ್ಲುಗಾಲಿಗಳ ಮೂಲಕ ಎರಡು ಉರುಳೆಗಳೂ ತಿರುಗಿ ಮೇವನ್ನು ಒಳಗೆಳೆಯುತ್ತವೆ. ಅಲಗು ಬಾಗಿರುವುದರಿಂದ ಕಂತೆಯನ್ನೆಲ್ಲ ಒಮ್ಮೆಗೇ ಹೊಡೆಯದೆ, ಒಂದು ಅಂಚಿನಿಂದ ಕೊಯ್ಯುತ್ತ ಹೋಗುತ್ತದೆ. ತೋಳಿಗೆ ಶ್ರಮ ಕಡಿಮೆ. ಒಂದು ಅಲಗನ್ನು ತೆಗೆದರೆ ತುಂಡು ಇಮ್ಮಡಿ ಉದ್ದವಾಗುವುದು.

ಯಂತ್ರದ ಬಾಯಲ್ಲಿ ಉಕ್ಕಿನ ಪಟ್ಟಿಯೊಂದಿದೆ. ಕತ್ತರಿಯ ಎರಡನೆಯ ಅಲಗು ಅದೇ. ನಾವು ಹಳೆಯ ಯಂತ್ರವೊಂದನ್ನು ಕೊಂಡಾಗ ಸೊಪ್ಪೆ ತುಂಡಾಗದೆ ಸಿಗಿಯುತ್ತಿತ್ತು. ಎರಡು ಸಲ ಅಲಗು ಮಸೆಸಿ ಹಣ ಕಳೆದೆವು. ದೋಷವಿದ್ದುದು ಅಲಗಿಗೂ ಪಟ್ಟಿಗೂ ನಡುವಿನ ಸಂದಿನಲ್ಲಿ! ಕಾಗದದ ಹಾಳೆಯನ್ನಿಟ್ಟು ಚಕ್ರವನ್ನು ಮೆಲ್ಲನೆ ತಿರುಗಿಸಿ ನೋಡಿರಿ. ನೀಟಾಗಿ ಕತ್ತರಿಸಿದರೆ ಸಂದು ಸರಿಯಾಗಿದೆ.

ಉರುಳೆಗೆ ಮೇವೂ ಒಂದೇ, ಬೆರಳೂ ಒಂದೇ. ಬೆರಳು ಕಳೆದುಕೊಂಡ ಹುಡುಗನು ಬಳಪ ಹಿಡಿಯಲು ಪಡುವ ಪಾಡನ್ನು ತರಗತಿಯಲ್ಲಿ ಕಂಡಿದ್ದೇವೆ. ಮೇವು ಹಾಕುವ ದೋಣಿಯ ಮೇಲೆ, ಉರುಳೆಗಳ ಹತ್ತಿರ, ಒಂದು ಮೊಳದಷ್ಟು ತಗಡಿನ ಮುಚ್ಚಳ ಬಡಿಸಿರಿ. ಕೊನೆಯ ಹಿಡಿ ಮೇವನ್ನು ಕೋಲಿನಿಂದ ತಳ್ಳಿರಿ. ಕೈ ಸಿಕ್ಕಿದರೆ ಎಳೆಯದೆ ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು. ಕೆಲಸ ಮುಗಿದ ಮೇಲೆ ಚಕ್ರವನ್ನು ಸರಪಳಿಯಿಂದ ಕಾಲಿಗೆ ಬಿಗಿದು ಬೀಗ ಹಾಕಿ, ಬೀಗದ ಕೈಯನ್ನು ಮಕ್ಕಳಿಗೆ ಎಟುಕದ ಗೂಟಕ್ಕೆ ತೂಗುಹಾಕಿರಿ.