ತೊಡಂಗ್

ತೊಡಂಗ್ ಎಂಬುದು ಕೊಡವರು ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳಲು ಬಳಸುವ ಹಿತ್ತಾಳೆಯ ಕೊಂಡಿಯಾಗಿದೆ. ಸೊಂಟದ ಪಟ್ಟಿಗೆ ಹೊಂದಿಸಿದ ಈ ಕೊಂಡಿಯ ಕಂಡಿಯಲ್ಲಿ ಕತ್ತಿಯ ಅಲಗು ನಿಲ್ಲುತ್ತದೆ. ಇದನ್ನು ಕೆಲವೊಮ್ಮೆ ಒಡಿಕತ್ತಿಯ ಒರೆ ಎಂದು ವಿವರಿಸುವುದುಂಟಾದರೂ ಅದು ಸರಿಯಲ್ಲ. ಒರೆಯು ಅಲಗನ್ನು ಮುಚ್ಚುತ್ತದೆ. ತೊಡಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಮುಚ್ಚುವುದಿಲ್ಲ. ಒರೆಯಲ್ಲಿ ಸುಲಭವಾಗಿ ಹಿಡಿಸದ ಆಯುಧವೊಂದನ್ನು ಎರಡೂ ಕೈಗಳು ಬಿಡುವಾಗಿರುವಂತೆ, ಬೇಕಾದಾಗ ಕೂಡಲೇ ಸಿಗುವಂತೆ ಹೊರುವುದು ಹೇಗೆ ಎಂಬ ಪ್ರಶ್ನೆಗೆ ಕೊಡಗಿನಲ್ಲಿ ರೂಪುಗೊಂಡ ಉತ್ತರ ಇದು.

ಇಂದು ತೊಡಂಗ್ ಮುಖ್ಯವಾಗಿ ಮದುವೆಯಲ್ಲಿ ವರನ ಉಡುಗೆಯ ಭಾಗವಾಗಿ ಕಾಣಸಿಗುತ್ತದೆ.

ಒಡಿಕತ್ತಿಯ ಆಕಾರ

ತೊಡಂಗಿನ ರಚನೆಯನ್ನು ಅರಿಯಲು ಮೊದಲು ಒಡಿಕತ್ತಿಯನ್ನು ನೋಡಬೇಕಾಗುತ್ತದೆ. ಇದು ಅಗಲವಾದ, ಭಾರವಾದ, ಮುಂದಕ್ಕೆ ಬಾಗಿದ ಅಲಗುಳ್ಳ ಕತ್ತಿ. ಸಾಮಾನ್ಯ ಖಡ್ಗಗಳಲ್ಲಿ ಬಾಗಿನ ಹೊರಮೈ ಹರಿತವಾಗಿದ್ದರೆ, ಒಡಿಕತ್ತಿಯಲ್ಲಿ ಒಳಮೈ ಹರಿತವಾಗಿರುತ್ತದೆ. ಈ ದೃಷ್ಟಿಯಿಂದ ಇದು ಖಡ್ಗಕ್ಕಿಂತ ಮಲೆನಾಡಿನ ಮನೆಮನೆಯಲ್ಲಿ ಕಾಡು ಸವರಲು ಬಳಸುವ ಕತ್ತಿಗೆ ಹತ್ತಿರದ್ದು. ಹಿಡಿಯ ಬಳಿ ಕೈಯನ್ನು ಕಾಯುವ ಅಡ್ಡಪಟ್ಟಿ ಇರುವುದಿಲ್ಲ. ಹಿಡಿಯ ತುದಿ ಮಾತ್ರ ಅಗಲವಾಗಿ ಹರಡಿಕೊಂಡಿದ್ದು, ಬೀಸುವಾಗ ಕೈ ಜಾರದಂತೆ ತಡೆಯುತ್ತದೆ.

ಅಲಗು ಹಿಡಿಯ ಬಳಿ ಕಿರಿದಾಗಿ ಆರಂಭವಾಗಿ ಮುಂದೆ ಸಾಗಿದಂತೆ ಅಗಲವಾಗುತ್ತದೆ. ತೂಕವೆಲ್ಲ ಮುಂಭಾಗದಲ್ಲಿ ಸೇರುವುದರಿಂದ ಒಂದೇ ಏಟಿಗೆ ಕಡಿಯಲು ಇದು ಅನುಕೂಲ. ಆದರೆ ಇದೇ ಗುಣ ಒರೆ ಮಾಡುವವರಿಗೆ ತೊಡಕು. ಒರೆಯ ಬಾಯಿ ಅಲಗಿನ ಅತ್ಯಂತ ಅಗಲವಾದ ಭಾಗ ಒಳಗೆ ಹೋಗುವಷ್ಟು ದೊಡ್ಡದಿರಬೇಕು. ಹಾಗಿದ್ದರೆ ಕತ್ತಿ ಪೂರ್ತಿ ಇಳಿದ ಮೇಲೆ ಕಿರಿದಾದ ಬುಡದ ಸುತ್ತ ಜಾಗ ಉಳಿದು ಸಡಿಲವಾಗುತ್ತದೆ. ಬಾಯಿ ಬಿಗಿಯಾಗಿದ್ದರೆ ಕತ್ತಿ ಒಳಗೇ ಹೋಗದು. ಇಷ್ಟೇ ಬಾಗಿಲ್ಲದ ನೇಪಾಳದ ಖುಕುರಿಗೆ ಚರ್ಮ ಹೊದಿಸಿದ ಮರದ ಒರೆ ಮಾಡುತ್ತಾರೆ. ಅದಕ್ಕಿಂತ ಬಹಳ ದೊಡ್ಡದಾದ ಒಡಿಕತ್ತಿಗೆ ಅಂಥ ಒರೆ ಮಾಡಿದರೆ ಅದು ಬೆನ್ನ ಮೇಲೆ ಒಂದು ಹೊರೆಯೇ ಆದೀತು.

ಧರಿಸುವ ಕ್ರಮ

ಕೊಡವ ಪುರುಷರ ಸಾಂಪ್ರದಾಯಿಕ ಉಡುಗೆಯಲ್ಲಿ ಮೊಣಕಾಲಿನವರೆಗೆ ಇಳಿಯುವ, ಅರ್ಧ ತೋಳಿನ, ಮುಂದೆ ತೆರೆದ ಕುಪ್ಯ ಮುಖ್ಯವಾದುದು. ಸಾಮಾನ್ಯವಾಗಿ ಇದು ಕಪ್ಪು ಬಣ್ಣದ್ದು. ಮದುಮಗ ಬಿಳಿಯ ಕುಪ್ಯ ಧರಿಸುತ್ತಾನೆ. ಕುಪ್ಯದ ಮೇಲೆ ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆಯನ್ನು ಸುತ್ತಲಾಗುತ್ತದೆ. ಉಡುಗೆಯಲ್ಲಿ ಎರಡು ಕತ್ತಿಗಳಿಗೆ ಸ್ಥಳವಿದೆ, ಮತ್ತು ಅವೆರಡನ್ನೂ ಹೊರುವ ಬಗೆ ಸಂಪೂರ್ಣ ಬೇರೆ.

ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸುವುದು ಪೀಚೆಕತ್ತಿ. ಇದು ಚಿಕ್ಕದು, ಮತ್ತು ಇದಕ್ಕೆ ಮರದ ಒರೆಯಿದೆ. ಒರೆಯ ಮೇಲೂ ಹಿಡಿಯ ಮೇಲೂ ಬೆಳ್ಳಿಯ ಕೆಲಸ, ಅನುಕೂಲವಿದ್ದವರಲ್ಲಿ ಚಿನ್ನದ ಕೆಲಸವೂ ಇರುತ್ತದೆ. ಬೆಳ್ಳಿಯ ಸರಪಣಿಗಳು ಅದರಿಂದ ಇಳಿಬಿದ್ದಿರುತ್ತವೆ. ಹಿಂಭಾಗದಲ್ಲಿ ತೊಡಂಗಿಗೆ ಸಿಕ್ಕಿಸುವುದು ಒಡಿಕತ್ತಿ. ಅದರ ಹಿಡಿ ಕೈ ಹಿಂದಕ್ಕೆ ಚಾಚಿದರೆ ಸಿಗುವಂತಿದ್ದು, ಅಲಗಿನ ಬಹುಭಾಗ ಬಯಲಿಗೇ ಕಾಣುತ್ತದೆ. ಹಬ್ಬ ಮತ್ತು ಸಮಾರಂಭಗಳಿಗೆ ಬರುವ ಪುರುಷರು ಸಾಮಾನ್ಯವಾಗಿ ಪೀಚೆಕತ್ತಿಯನ್ನು ಮಾತ್ರ ಧರಿಸಿರುತ್ತಾರೆ. ಎರಡೂ ಕತ್ತಿಗಳು ಒಟ್ಟಿಗೆ ಕಾಣುವುದು ಮದುಮಗನ ಮೇಲೆ.

ಹರಿತವಾದ ಅಲಗನ್ನು ತೆರೆದೇ ಹೊರುವುದರಲ್ಲಿ ಅಪಾಯವಿಲ್ಲವೆಂದಲ್ಲ. ಬೆನ್ನ ಹಿಂದಿನ ಕತ್ತಿ ಧರಿಸಿದವನ ಕಣ್ಣಿಗೆ ಬೀಳುವುದಿಲ್ಲ. ಕುಳಿತುಕೊಳ್ಳುವಾಗ, ಬಾಗುವಾಗ, ಜನಸಂದಣಿಯಲ್ಲಿ ತಿರುಗುವಾಗ ಎಚ್ಚರ ಬೇಕು. ಮದುವೆಯ ಮನೆಯಲ್ಲಿ ಒಡಿಕತ್ತಿ ಬರಿಯ ಅಲಂಕಾರವೂ ಅಲ್ಲ, ಏಕೆಂದರೆ ಅದರಿಂದ ಬಾಳೆಯನ್ನು ಕಡಿಯಬೇಕಾಗಿರುತ್ತದೆ.

ಇತಿಹಾಸ

ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಯೋಧರು ಕೋವಿಯ ಜೊತೆಗೆ ಒಡಿಕತ್ತಿಯನ್ನೂ ಹೊಂದಿರುತ್ತಿದ್ದರು. ದಟ್ಟವಾದ ಕಾಡು, ಕಡಿದಾದ ಏರು, ಬಿಡದೆ ಸುರಿಯುವ ಮಳೆ ಇವುಗಳ ನಡುವೆ ಮದ್ದು ತುಂಬಿ ಹಾರಿಸುವ ಕೋವಿಯೊಂದನ್ನೇ ನೆಚ್ಚಿಕೊಳ್ಳಲು ಸಾಧ್ಯವಿರಲಿಲ್ಲ. ಕೋವಿ ಕೈಯಲ್ಲಿದ್ದಾಗ ಕತ್ತಿ ಬೆನ್ನ ಮೇಲಿರಬೇಕು, ಕತ್ತಿ ಎಳೆಯುವಾಗ ಒರೆಯೊಡನೆ ಹೆಣಗುವಂತಿರಬಾರದು. ತೊಡಂಗ್ ಈ ಎರಡನ್ನೂ ಪೂರೈಸುತ್ತದೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಆನಂತರ ಕತ್ತಿಯ ಸೈನಿಕ ಬಳಕೆ ಕ್ರಮೇಣ ಕೊನೆಗೊಂಡಿತು. 1870ರಲ್ಲಿ ಪ್ರಕಟವಾದ ಜಿ. ರಿಕ್ಟರ್ ಅವರ ಕೊಡಗು ಕೈಪಿಡಿಯಲ್ಲಿ ಕೊಡವರ ಉಡುಗೆ ಮತ್ತು ಕತ್ತಿಗಳ ವರ್ಣನೆ ಇದೆ. 1880ರಲ್ಲಿ ವಿಲ್‌ಬ್ರಹಾಮ್ ಎಗರ್ಟನ್ ಸಿದ್ಧಪಡಿಸಿದ ಭಾರತೀಯ ಆಯುಧಗಳ ಕೈಪಿಡಿಯಲ್ಲೂ ಕೊಡಗಿನ ಆಯುಧಗಳು ಸೇರಿವೆ. ಇಂಗ್ಲಿಷ್ ಆಯುಧಕೋಶಗಳಲ್ಲಿ ಒಡಿಕತ್ತಿಯು ‘ಆಯ್ದ ಕತ್ತಿ’ ಎಂಬ ಹೆಸರಿನಲ್ಲಿಯೂ ತೊಡಂಗ್ ‘ತೊಡುಂಗ’ ಎಂಬ ರೂಪದಲ್ಲಿಯೂ ಬರುತ್ತವೆ. ‘ಆಯ್ದ’ ಎಂಬುದು ‘ಆಯುಧ’ದ ತಪ್ಪು ಉಚ್ಚಾರಣೆ. ವಿದೇಶಿ ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಇವುಗಳನ್ನು ಹುಡುಕುವವರಿಗೆ ಈ ಹೆಸರುಗಳೇ ದಾರಿ. ಹಲವೆಡೆ ಕತ್ತಿ ಮಾತ್ರ ಉಳಿದು, ಅದನ್ನು ಹೊರುತ್ತಿದ್ದ ಕೊಂಡಿ ಬೇರೆಯಾಗಿರುವುದರಿಂದ, ಇಂಥ ಕತ್ತಿಯ ‘ಒರೆ ಕಳೆದುಹೋಗಿದೆ’ ಎಂದು ಭಾವಿಸುವುದು ಸುಲಭ. ಒರೆ ಮೊದಲಿನಿಂದಲೂ ಇರಲಿಲ್ಲ.

ಆಚರಣೆಗಳಲ್ಲಿ

ಪ್ರತಿವರ್ಷ ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಭತ್ತದ ನಾಟಿಯ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ ಐನ್‌ಮನೆಯಲ್ಲಿ ಇಟ್ಟು ಪೂಜಿಸಲಾಗುತ್ತದೆ. ಈ ಸಮಯಕ್ಕೆ ಬೇಲಿಗಳಲ್ಲಿ ಅರಳುವ, ಕನ್ನಡದಲ್ಲಿ ಅಗ್ನಿಶಿಖೆ ಎನ್ನುವ ಹೂವನ್ನು ಕೋವಿಗೆ ಮುಡಿಸುತ್ತಾರೆ. ಕೊಡವ ಭಾಷೆಯಲ್ಲಿ ಅದರ ಹೆಸರೇ ತೋಕ್‌ಪೂ, ಅಂದರೆ ಕೋವಿಯ ಹೂ. ಹಿಂದೆ ಈ ಹಬ್ಬದ ಬಳಿಕ ಬೇಟೆಯ ದಿನಗಳು ಆರಂಭವಾಗುತ್ತಿದ್ದವು. ಈಗ ಆ ಸ್ಥಾನವನ್ನು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ತುಂಬಿವೆ.

ಮದುವೆಯಲ್ಲಿ ನಡೆಯುವ ಬಾಳೆ ಕಡಿಯುವ ವಿಧಿಗೆ ಒಡಿಕತ್ತಿ ಬೇಕೇ ಬೇಕು. ನೆಟ್ಟ ಬಾಳೆಯ ಕಂಬಗಳನ್ನು ಒಂದೊಂದೇ ಏಟಿಗೆ ಉರುಳಿಸುವುದು ಗೌರವದ ವಿಷಯ. ಮೇಲ್ನೋಟಕ್ಕೆ ಸುಲಭವೆನಿಸಿದರೂ, ನೀರು ತುಂಬಿದ ಬಾಳೆದಿಂಡು ಮೊಂಡು ಕತ್ತಿಗೆ ಜಗ್ಗುವುದಿಲ್ಲ.

ಆಯುಧ ವಿನಾಯಿತಿ ಮತ್ತು ಬೇಟೆ

1857ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಭಾರತೀಯರ ಆಯುಧಗಳ ಮೇಲೆ ನಿರ್ಬಂಧ ಹೇರಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಇದರಿಂದ ವಿನಾಯಿತಿ ನೀಡಿದರು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಡಿಯಲ್ಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. ಜಮ್ಮಾ ಭೂಮಿ ಹೊಂದಿದವರಲ್ಲಿ ಅರೆಭಾಷೆ ಗೌಡರೂ ಇರುವುದರಿಂದ ಇದನ್ನು ಕೊಡವರೊಬ್ಬರದೇ ಹಕ್ಕು ಎನ್ನುವುದು ಪೂರ್ಣ ಸತ್ಯವಲ್ಲ. ಕಾಯ್ದೆಯ 3ನೇ ಸೆಕ್ಷನ್ ಬಂದೂಕುಗಳಿಗೂ 4ನೇ ಸೆಕ್ಷನ್ ಇತರ ಆಯುಧಗಳಿಗೂ ಸಂಬಂಧಿಸಿದ್ದು, ವಿನಾಯಿತಿ ಎರಡಕ್ಕೂ ಅನ್ವಯಿಸುತ್ತದೆ. ಜಿಲ್ಲೆಯ ಹೊರಗೆ ಒಯ್ಯುವಾಗ ಒಂದು ರೈಫಲ್ ಹಾಗೂ ಅದರ 100 ಗುಂಡು, ಒಂದು ನಯವಾದ ನಳಿಕೆಯ ಕೋವಿ ಹಾಗೂ 500 ತೋಟಾ ಎಂಬ ಮಿತಿಯಿದೆ. ಪಿಸ್ತೂಲು, ರಿವಾಲ್ವರ್‌ಗಳ ಹೆಸರು ಈ ಮಿತಿಯಲ್ಲಿ ಬರುವುದಿಲ್ಲ.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಇದು ಜಾತಿ ಮತ್ತು ಭೂಹಿಡುವಳಿಯ ಆಧಾರದ ಮೇಲಿನ ತಾರತಮ್ಯವೆಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿತು.

ಆಯುಧ ಹೊಂದುವ ಹಕ್ಕು ಬೇಟೆಯಾಡುವ ಹಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿರ್ಬಂಧಿಸಿತು. 1991ರ ತಿದ್ದುಪಡಿಯ ಮೂಲಕ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ ಕೊನೆಗೊಂಡಿತು. ಗದ್ದೆ ತೋಟಗಳಿಗೆ ನುಗ್ಗುವ ಕಾಡುಹಂದಿಯೂ ಈ ರಕ್ಷಣೆಯ ವ್ಯಾಪ್ತಿಯಲ್ಲಿದೆ. ಹೀಗಾಗಿ ಕೊಡಗಿನ ಮನೆಗಳಲ್ಲಿ ಬೇಟೆಯ ಕೋವಿ ಇದೆ, ಅದಕ್ಕೆ ಪೂಜೆ ಇದೆ, ಬೇಟೆ ಇಲ್ಲ.

ಸ್ಕೋಪ್ ಇರುವ ಕೈಬಂದೂಕಿನ ಒರೆಯೊಡನೆ ಹೋಲಿಕೆ

ಆಯುಧದ ಆಕಾರವೇ ಒರೆಗೆ ಅಡ್ಡಿಯಾಗುವ ಇನ್ನೊಂದು ನಿದರ್ಶನ ಅಮೆರಿಕದ ಬೇಟೆಗಾರರದು. ಅಲ್ಲಿ ಜಿಂಕೆ, ಹಂದಿ ಮುಂತಾದ ಪ್ರಾಣಿಗಳನ್ನು ರೈಫಲಿನ ಬದಲು ದೊಡ್ಡ ಕೈಬಂದೂಕಿನಿಂದ ಬೇಟೆಯಾಡುವ ಪದ್ಧತಿ ಇದೆ. 1967ರಲ್ಲಿ ಮಾರುಕಟ್ಟೆಗೆ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್ ಎಂಬ ಒಂದೇ ಗುಂಡಿನ ಪಿಸ್ತೂಲು ಮತ್ತು 1987ರ ರೂಗರ್ ಸೂಪರ್ ರೆಡ್‌ಹಾಕ್ ರಿವಾಲ್ವರ್ ಇದಕ್ಕೆ ಹೆಸರಾದವು. ಇವುಗಳ ಮೇಲೆ ಸ್ಕೋಪ್ ಎಂದು ಕರೆಯುವ ಗುರಿದರ್ಶಕವನ್ನು ಕೂರಿಸುತ್ತಾರೆ. ಕೈ ಚಾಚಿ ಹಿಡಿದೇ ನೋಡಬೇಕಾದ್ದರಿಂದ ಇಂಥ ಸ್ಕೋಪ್, ಕಣ್ಣಿನಿಂದ ದೂರದಲ್ಲಿದ್ದರೂ ಪೂರ್ಣ ಚಿತ್ರ ಕಾಣುವಂತೆ ತಯಾರಾದುದು.

ಸ್ಕೋಪ್ ಕೂರಿಸಿದೊಡನೆ ಮಾಮೂಲಿ ಸೊಂಟದ ಒರೆ ನಿರುಪಯುಕ್ತವಾಗುತ್ತದೆ. ನಳಿಕೆಯ ಮೇಲೆ ಇನ್ನೊಂದು ಕೊಳವೆ ಎದ್ದುನಿಂತಿರುವುದರಿಂದ ಬಂದೂಕು ಕಿರಿದಾದ ಬಾಯಿಯೊಳಗೆ ಇಳಿಯುವುದಿಲ್ಲ. ಒರೆಯ ಬಾಯನ್ನು ಹಿಗ್ಗಿಸಿದರೆ ಬಂದೂಕು ಅಲುಗಾಡುತ್ತದೆ. ಒಡಿಕತ್ತಿಯ ವಿಷಯದಲ್ಲಿ ಕಂಡ ಇಕ್ಕಟ್ಟೇ ಇದು. ಉದ್ದ ನಳಿಕೆಯ ಬಂದೂಕು ಸೊಂಟದಲ್ಲಿದ್ದರೆ ಕುಳಿತಾಗ ನೆಲಕ್ಕೆ ತಾಗುತ್ತದೆ, ಏರು ಹತ್ತುವಾಗ ತೊಡೆಗೆ ಬಡಿಯುತ್ತದೆ, ಬೆನ್ನುಚೀಲದ ಸೊಂಟಪಟ್ಟಿಯೊಡನೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಭುಜದಿಂದ ಅಡ್ಡವಾಗಿ ಇಳಿಬಿಟ್ಟ ಪಟ್ಟಿಗಳ ಮೇಲೆ ಎದೆಯ ಮುಂದೆ ಕೂರುವ ಒರೆಯನ್ನು ಹೆಚ್ಚಿನವರು ಆರಿಸುತ್ತಾರೆ. ಭಾರ ಭುಜಕ್ಕೆ ಹಂಚಿಹೋಗುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ, ಬಂದೂಕು ಕಣ್ಣೆದುರಿಗೇ ಇರುತ್ತದೆ.

ಇಂಥ ಒರೆಯ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಟ್ರಿಗರ್‌ನ ರಕ್ಷಣೆ. ಮೇಲ್ಭಾಗ ಸ್ಕೋಪಿಗಾಗಿ ತೆರೆದಿದ್ದರೂ ಟ್ರಿಗರ್ ಇರುವ ಭಾಗ ಪೂರ್ತಿ ಮುಚ್ಚಿರಬೇಕು. ಕೊಂಬೆಯೋ ಅಂಗಿಯ ಅಂಚೋ ಅಲ್ಲಿಗೆ ನುಸುಳಿದರೆ ಗುಂಡು ಹಾರಬಹುದು. ಬಂದೂಕು ಬೀಳದಂತೆ ಗುಂಡಿ ಹಾಕುವ ಪಟ್ಟಿಯೂ ಬೇಕು. ಭಾರವನ್ನು ಬಂದೂಕಿನ ಮೈ ಹೊರಬೇಕೇ ವಿನಾ ಸ್ಕೋಪ್ ಹೊರಬಾರದು, ಇಲ್ಲವಾದರೆ ಗುರಿಯ ಹೊಂದಾಣಿಕೆ ತಪ್ಪುತ್ತದೆ. ನಿರ್ದಿಷ್ಟ ಬಂದೂಕಿಗೂ ಸ್ಕೋಪಿಗೂ ಅಳತೆ ಕೊಟ್ಟು ಮಾಡಿಸಿದ ಚರ್ಮದ ಒರೆ ಚೆನ್ನಾಗಿ ಹೊಂದುತ್ತದೆ, ಆದರೆ ಒದ್ದೆಯಾದ ಚರ್ಮದಲ್ಲಿ ಬಿಟ್ಟ ಬಂದೂಕು ತುಕ್ಕು ಹಿಡಿಯುತ್ತದೆ. ನೈಲಾನ್ ಒರೆಯನ್ನು ಬೇರೆ ಬೇರೆ ಅಳತೆಗೆ ಹೊಂದಿಸಿಕೊಳ್ಳಬಹುದು, ಬಿಗಿತ ಮಾತ್ರ ಕಡಿಮೆ. ಬಂದೂಕಿನ ಅಚ್ಚಿಗೆ ತಕ್ಕಂತೆ ರೂಪಿಸಿದ ಗಟ್ಟಿ ಪ್ಲಾಸ್ಟಿಕ್ ನೀರಿಗೆ ಅಂಜದು; ಸ್ಕೋಪ್ ಬದಲಿಸಿದರೆ ಆ ಒರೆಯನ್ನೂ ಬದಲಿಸಬೇಕಾಗಬಹುದು.

ತೆರೆದ ಮೇಲ್ಭಾಗ, ದೇಹಕ್ಕೆ ಬಿಗಿದ ಪಟ್ಟಿ, ಆಯುಧದ ಒಂದು ಭಾಗವನ್ನಷ್ಟೇ ಹಿಡಿಯುವ ಕಂಡಿ ಇವಿಷ್ಟು ತೊಡಂಗಿಗೂ ಎದೆಯ ಒರೆಗೂ ಸಮಾನ. ವ್ಯತ್ಯಾಸವಿರುವುದು ಅಪಾಯದ ಭಾಗವನ್ನು ನೋಡಿಕೊಳ್ಳುವುದರಲ್ಲಿ: ಎದೆಯ ಒರೆ ಟ್ರಿಗರನ್ನು ಮುಚ್ಚಿ ಉಳಿದುದನ್ನು ತೆರೆದಿಡುತ್ತದೆ, ತೊಡಂಗ್ ಅಲಗನ್ನೇ ತೆರೆದಿಟ್ಟು ಎಚ್ಚರವನ್ನು ಧರಿಸಿದವನಿಗೆ ಬಿಡುತ್ತದೆ.