ಚಿಂತೆಗೆ ಹಿರೇಮದ್ದು?

ಮೆಡಿಕಲ್ ಶಾಪುಗಳಲ್ಲಿ ಅಶ್ವಗಂಧ ಈಗ ಮುಂದಿನ ಸಾಲಿಗೇ ಬಂದು ಕೂತಿದೆ. ಮಾತ್ರೆ, ಪುಡಿ, ಚೀಪುವ ಗಮ್ಮಿ, ಯಾವುದು ಬೇಕೋ ಅದು. ನಿದ್ದೆ ಹತ್ತುತ್ತಿಲ್ಲ, ಎದೆ ಡವಡವ ಎನ್ನುತ್ತದೆ ಎಂದರೆ ಸಾಕು, ಅಂಗಡಿಯ ಹುಡುಗನೇ ಡಬ್ಬಿ ಕೈಗಿಡುತ್ತಾನೆ. ‘ನ್ಯಾಚುರಲ್ ಸಾರ್, ಸೈಡ್ ಎಫೆಕ್ಟ್ ಏನೂ ಇಲ್ಲ’ ಎಂಬ ಭರವಸೆ ಪುಕ್ಕಟೆ. ನನ್ನ ತಕರಾರಿರುವುದು ಆ ಭರವಸೆಯ ಬಗ್ಗೆ.

ಕನ್ನಡದಲ್ಲಿ ಹಿರೇಮದ್ದು ಎನಿಸಿಕೊಂಡ ಈ ಗಿಡ ಬದನೆ, ಟೊಮೆಟೊ ಕುಟುಂಬದ್ದು. ಮಳೆಗಾಲದಲ್ಲಿ ಬಿತ್ತಿದರೆ ಐದಾರು ತಿಂಗಳಿಗೆ ಎಲೆ ಒಣಗಿ, ಪುಟ್ಟ ಹಣ್ಣು ಕೆಂಪಾಗುತ್ತದೆ. ಆಗ ಬೇರುಸಮೇತ ಕೀಳುತ್ತಾರೆ. ಇದರ ದೊಡ್ಡ ವ್ಯಾಪಾರ ಮಧ್ಯಪ್ರದೇಶದ ನೀಮಚ್ ಮಂಡಿಯಲ್ಲಿ. ಒಳ್ಳೆಯ ಬೇರು ದಪ್ಪಗಿರಬೇಕು, ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಒಳಗೆ ಹಿಟ್ಟು ತುಂಬಿದ ಹಾಗೆ ಬೆಳ್ಳಗಿರಬೇಕು. ನಾರುನಾರಾದ ಸಣಕಲು ಬೇರಿಗೆ ಬೆಲೆ ಕಡಿಮೆ. ಎಲೆ ಇನ್ನೂ ಅಗ್ಗ, ಆದ್ದರಿಂದ ಅದನ್ನೂ ಬಳಸುವವರಿದ್ದಾರೆ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿತ್ತು. ಡಬ್ಬಿಯ ಹಿಂಬದಿಯಲ್ಲಿ ‘ಬೇರು’ ಎಂದು ಬರೆದಿದೆಯೇ ನೋಡಿ.

ಗುಣ ಇದೆಯೇ? ಇಲ್ಲ ಎನ್ನಲಾಗದು. 2012ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಒತ್ತಡದಿಂದ ಬಳಲುತ್ತಿದ್ದ 64 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇರಿನ ಸಾರವನ್ನು 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, 60 ದಿನ ಕೊಟ್ಟರು. ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ. ಸಾರ ಸೇವಿಸಿದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಗಣನೀಯವಾಗಿ ಇಳಿದಿತ್ತು. ಆದರೆ 64 ಜನ, ಎರಡು ತಿಂಗಳು ಎಂಬುದನ್ನು ಮರೆಯಬಾರದು. ಅಲ್ಲಿ ಕೊಟ್ಟದ್ದು ಸಾಂದ್ರೀಕರಿಸಿದ ಸಾರ; ಹಾಲಿಗೆ ಬೆರೆಸುವ ಚಮಚೆ ಪುಡಿಯ ಲೆಕ್ಕವೇ ಬೇರೆ.

ಗರ್ಭಿಣಿಯರು ಇದರ ತಂಟೆಗೆ ಹೋಗಬಾರದು. ಥೈರಾಯ್ಡ್, ಸಕ್ಕರೆ, ಬಿಪಿ ಅಥವಾ ನಿದ್ದೆಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟುವುದು ಬೇಡ. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಆದರೆ ನಮ್ಮಲ್ಲಿನ ಸಲೀಸೂ ಅತಿಯೇ.

ಬೇರೆಂದರೆ ಸೌಮ್ಯ ಎನ್ನುವವರು ಸರ್ಪಗಂಧದ ಕಥೆ ಕೇಳಬೇಕು. 1952ರಲ್ಲಿ ಅದರ ಬೇರಿನಿಂದ ಪ್ರತ್ಯೇಕಿಸಿದ ರೆಸರ್ಪಿನ್ ಅಮೆರಿಕದ ಮಾನಸಿಕ ಆಸ್ಪತ್ರೆಗಳವರೆಗೂ ಹೋಯಿತು. ಬಿಪಿ ಇಳಿಸಿತು, ಉದ್ರೇಕ ತಗ್ಗಿಸಿತು. ಕೆಲವರನ್ನು ಖಿನ್ನತೆಗೆ ತಳ್ಳಿತು ಎಂಬ ದೂರನ್ನೂ ಹೊತ್ತುಕೊಂಡಿತು.

ಹಾಗೆಂದು ಸೊಪ್ಪುಸದೆಗೆಲ್ಲ ಹೆದರಬೇಕಿಲ್ಲ; ಒಂದೆಲಗದ ತಂಬುಳಿಯ ಮಾತು ಬೇರೆ. ಅದು ಊಟ, ಅನ್ನಕ್ಕೆ ಕಲಸಿ ಧಾರಾಳವಾಗಿ ಉಣ್ಣಿ.

ಪರೀಕ್ಷೆಯ ದಿಗಿಲು, ಆಫೀಸಿನ ದಣಿವಿಗೆ ವೈದ್ಯರು ಹೇಳಿದಷ್ಟು ದಿನ ಅಶ್ವಗಂಧ ತೆಗೆದುಕೊಂಡು ನೋಡಬಹುದು. ಆತಂಕ ವಾರಗಟ್ಟಲೆ ಬಿಡದೆ ಊಟ, ನಿದ್ದೆ, ಕೆಲಸ ಕೆಡಿಸುತ್ತಿದ್ದರೆ ಡಬ್ಬಿ ಬದಲಾಯಿಸುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.